ಗಾಲಿ ಮೇಲಿನ ಮನೆ – ಭಾಗ 3

ಹಳೇ ಟೆಂಪೋ ಟ್ರಾವೆಲರ್ ಒಳಗೆ ಹಾಸಿಗೆ, ಒಲೆ, ಹಿಂದೆ ಬೈಕ್ ನಿಲ್ಲಿಸೋಕೆ ಜಾಗ. ರೀಲ್ಸ್ ನೋಡಿ ನೀವೂ ಆಸೆಪಟ್ಟಿರ್ತೀರಿ. ಆದ್ರೆ ಗಾಡಿಯೊಳಗೆ ಮನೆ, ಗಾಡಿ ಮೇಲೆ ಗಾಡಿ ನಮ್ಮೂರಿಗೆ ಹೊಸದಲ್ಲ.

1999ರ ಜನವರಿ 26ರಂದು ಕೊಂಕಣ ರೈಲ್ವೆ ಕೋಲಾಡ್–ವೆರ್ಣಾ ನಡುವೆ ರೋರೋ ಶುರು ಮಾಡಿತು. ಮುಂದೆ ಅದು ಕಾರವಾರ, ಅಂಕೋಲಾ ದಾಟಿ ಸುರತ್ಕಲ್‌ವರೆಗೂ ಬಂತು. ವ್ಯಾಗನ್ ಮೇಲೆ ಲಾರಿ, ಲಾರಿಯ ಕ್ಯಾಬಿನ್‌ನಲ್ಲಿ ಡ್ರೈವರ್. ಊಟ, ನಿದ್ದೆ ಎಲ್ಲಾ ಅಲ್ಲೇ.

ಹೆದ್ದಾರಿಯಲ್ಲೂ ಆ ಕ್ಯಾಬಿನ್ನೇ ಅವರ ಮನೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಲ್ಲಿ ಗುಡ್ಡ ಕುಸಿದು, ರಸ್ತೆ ಪಕ್ಕ ನಿಂತಿದ್ದ ಲಾರಿಯೊಂದು ಗಂಗಾವಳಿ ಹೊಳೆ ಸೇರಿತು. ಮೇಲೆತ್ತಿದ್ದು ಸೆಪ್ಟೆಂಬರ್ 25ಕ್ಕೆ. ಡ್ರೈವರ್ ದೇಹ ಕ್ಯಾಬಿನ್‌ನಲ್ಲೇ ಇತ್ತು.

ಗಾಡಿಯ ಮೂಲ ರೂಪವನ್ನ ಮನಸ್ಸಿಗೆ ಬಂದಂತೆ ಬದಲಿಸೋ ಹಾಗಿಲ್ಲ ಅಂತ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತೆ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಹಾಗಾಗಿ ವ್ಯಾನ್‌ಗೆ ಕೈ ಹಾಕೋ ಮೊದಲು ಆರ್‌ಟಿಓ ಆಫೀಸಲ್ಲಿ ಕೇಳಿ.

ಆಮೇಲೆ ನಿಮ್ಮನ್ನೇ ಕೇಳ್ಕೊಳ್ಳಿ: ರಾತ್ರಿ ಈ ಮನೆ ಎಲ್ಲಿ ನಿಲ್ಲಿಸ್ತೀರಿ? ಮಳೆಗಾಲದಲ್ಲಿ, ಕಡಿದ ಗುಡ್ಡದ ಬುಡದಲ್ಲಂತೂ ಬೇಡ.

#ಕಾರವಾರ #ಅಂಕೋಲಾ #ಗಾಲಿಮೇಲಿನಮನೆ