ಪಂಪನ ತಾಯಿಯ ಹೆಸರು

ಪ್ರಸಿದ್ಧರ ಪೂರ್ವಜರನ್ನು ಹುಡುಕಿ ತೋರಿಸುವ ದೂರದರ್ಶನ ಕಾರ್ಯಕ್ರಮಗಳು ಈಗ ಹಲವು ದೇಶಗಳಲ್ಲಿ ಜನಪ್ರಿಯವಾಗಿವೆ. ಬ್ರಿಟನ್ನಿನ ಬಿಬಿಸಿ 2004ರಲ್ಲಿ ‘ಹೂ ಡು ಯು ಥಿಂಕ್ ಯು ಆರ್’ ಎಂಬ ಮಾಲಿಕೆಯನ್ನು ಆರಂಭಿಸಿತು. ಅಮೆರಿಕದಲ್ಲಿ 2012ರಿಂದ ಹೆನ್ರಿ ಲೂಯಿ ಗೇಟ್ಸ್ ಎಂಬ ವಿದ್ವಾಂಸರು ‘ಫೈಂಡಿಂಗ್ ಯುವರ್ ರೂಟ್ಸ್’ ನಡೆಸಿಕೊಡುತ್ತಿದ್ದಾರೆ. ನಟ, ಗಾಯಕ, ರಾಜಕಾರಣಿ ಯಾರೇ ಬರಲಿ, ಅವರ ಕೈಗೆ ಒಂದು ದಪ್ಪ ಪುಸ್ತಕವನ್ನು ಕೊಟ್ಟು ಪುಟ ತಿರುವಿಸಿ, ಅಜ್ಜನ ಅಜ್ಜ ಯಾರು, ಅವನು ಎಲ್ಲಿಂದ ಬಂದವನು ಎಂದು ತೋರಿಸಲಾಗುತ್ತದೆ. ಕನ್ನಡ ವಾಹಿನಿಯ ‘ವೀಕೆಂಡ್ ವಿತ್ ರಮೇಶ್’ ಸಾಧಕರನ್ನು ಕೆಂಪು ಕುರ್ಚಿಯಲ್ಲಿ ಕೂರಿಸಿ ಅವರ ಬಾಳಿನ ಕಥೆಯನ್ನು ಹೇಳಿತೇ ಹೊರತು ಅವರ ಮನೆತನದ ಬೇರುಗಳಿಗೆ ಇಳಿಯಲಿಲ್ಲ.

ಹಾಗೆಂದು ಈ ವಿದ್ಯೆ ಕನ್ನಡನಾಡಿಗೆ ಹೊಸದಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಿಗೆ ಹೆಳವರು ತಲೆತಲಾಂತರದಿಂದ ಬರುತ್ತಲೇ ಇದ್ದಾರೆ. ಹೆಳವ ಎಂದರೆ ಕುಂಟ. ಎತ್ತಿನ ಮೇಲೆ ಕುಳಿತು, ಕಾಲುಗಳನ್ನು ಕಂಬಳಿಯಿಂದ ಮುಚ್ಚಿಕೊಂಡು ಮನೆಯಿಂದ ಮನೆಗೆ ಹೋಗಿ ಆಯಾ ಮನೆತನದ ಚರಿತ್ರೆಯನ್ನೂ ಯುದ್ಧದಲ್ಲಿ ಮಡಿದ ವೀರರ ಹೆಸರುಗಳನ್ನೂ ಹೇಳುವವರು ಇವರು ಎಂದು ಥರ್ಸ್ಟನ್ 1909ರಲ್ಲೇ ದಾಖಲಿಸಿದ್ದಾನೆ. ಪ್ರತಿ ಹೆಳವನಿಗೂ ಅವನದೇ ಆದ ಮನೆತನಗಳು ಹಂಚಿಕೆಯಾಗಿರುತ್ತವೆ. ಸುಗ್ಗಿ ಮುಗಿದ ಮೇಲೆ ಬಂದು, ಮೂಲಪುರುಷನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಹೆಸರು ಹೇಳಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು, ಕಾಳುಕಡಿಯನ್ನೋ ಹಣವನ್ನೋ ಪಡೆದು ಮುಂದಿನೂರಿಗೆ ಹೋಗುತ್ತಾನೆ. ದಾನ ಕೊಡುವವರ ಎದುರೇ ನಿಂತು ಅವರ ವಂಶವನ್ನು ಹೇಳುವುದು ಅವನ ವೃತ್ತಿ. ಆದ್ದರಿಂದ ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎಂಬುದೂ ಆ ವೃತ್ತಿಯ ಭಾಗವೇ ಆಗಿದೆ.

ಈ ಬಿಡುವಿಕೆಯೇ ಅಮೆರಿಕದ ಕಾರ್ಯಕ್ರಮವನ್ನು ಒಮ್ಮೆ ಸಂಕಟಕ್ಕೆ ಸಿಲುಕಿಸಿತು. 2014ರಲ್ಲಿ ಪ್ರಸಾರವಾದ ಕಂತೊಂದರಲ್ಲಿ ನಟ ಬೆನ್ ಅಫ್ಲೆಕ್‌ನ ಪೂರ್ವಜರ ಕಥೆಯಿತ್ತು. ಅವರಲ್ಲೊಬ್ಬನು ಗುಲಾಮರ ಒಡೆಯನಾಗಿದ್ದನೆಂಬ ಸಂಗತಿಯನ್ನು ಕೈಬಿಡುವಂತೆ ನಟ ಕೇಳಿಕೊಂಡಿದ್ದನು. ಪ್ರಸಾರವಾದ ಕಂತಿನಲ್ಲಿ ಆ ಸಂಗತಿ ಇರಲಿಲ್ಲ. ಮರುವರ್ಷ ಸೋರಿಹೋದ ಮಿಂಚಂಚೆಗಳಿಂದ ಇದು ಬಯಲಾದಾಗ ವಾಹಿನಿ ವಿಚಾರಣೆ ನಡೆಸಿ, ಮುಂದಿನ ಕಂತುಗಳನ್ನು ಕೆಲಕಾಲ ತಡೆಹಿಡಿಯಿತು. ಆ ಒಡೆಯನ ಕೈಕೆಳಗಿನ ಗುಲಾಮರ ಪಾಡು ಮತ್ತೂ ಬೇರೆ. 1850 ಮತ್ತು 1860ರ ಅಮೆರಿಕದ ಗಣತಿಯ ಗುಲಾಮರ ಪಟ್ಟಿಗಳಲ್ಲಿ ಒಡೆಯನ ಹೆಸರಿನ ಕೆಳಗೆ ಅವರ ವಯಸ್ಸು, ಲಿಂಗ, ಮೈಬಣ್ಣಗಳನ್ನು ಬರೆದಿದ್ದಾರೆ, ಹೆಸರು ಬರೆಯುವ ವಾಡಿಕೆಯೇ ಇರಲಿಲ್ಲ. ಗಣತಿಯಲ್ಲಿ ಅವರಿಗೆಲ್ಲ ಹೆಸರು ಸಿಕ್ಕಿದ್ದು 1870ರಲ್ಲಿ. ಆಫ್ರಿಕಾ ಮೂಲದ ಅಮೆರಿಕನ್ನರ ವಂಶಶೋಧ ಸಾಮಾನ್ಯವಾಗಿ ಆ ವರ್ಷದ ಗೋಡೆಗೆ ಬಂದು ನಿಲ್ಲುತ್ತದೆ.

ಹೆಸರಿಲ್ಲದವರನ್ನು ಕಾಣಲು ಅಷ್ಟು ದೂರ ಹೋಗಬೇಕಾಗಿಲ್ಲ. ಬೆಳಗಾವಿಯ ಖಾಸಬಾಗ, ಶಹಾಪುರ, ವಡಗಾವಿಗಳ ಮಗ್ಗದ ಓಣಿಗಳನ್ನು ದಾಟಿ ಖಾನಾಪುರದ ದಾರಿ ಹಿಡಿದರೆ ನಂದಗಡದ ಆಚೆ ಹಲಸಿ ಸಿಗುತ್ತದೆ. ಕದಂಬರ ಕಾಲದ ಪಲಾಶಿಕೆ ಇದೇ. ಇಲ್ಲಿ ದೊರೆತ ತಾಮ್ರಪಟಗಳನ್ನು ಫ್ಲೀಟ್ ಸಂಪಾದಿಸಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದನು. ಇವುಗಳಲ್ಲಿ ಒಂದು ಜೈನ ಮನೆತನದ ಕಥೆ ಅಡಗಿದೆ. ತನ್ನನ್ನು ಕಾಪಾಡಿದ್ದಕ್ಕಾಗಿ ಯುವರಾಜ ಕಾಕುಸ್ಥವರ್ಮನು ಸೇನಾಪತಿ ಶ್ರುತಕೀರ್ತಿಗೆ ಖೇಟ ಎಂಬ ಗ್ರಾಮದಲ್ಲಿ ಭೂಮಿಯನ್ನು ಕೊಟ್ಟನು. ಮೂರು ತಲೆಮಾರು ಕಳೆದ ಮೇಲೆ, ರವಿವರ್ಮನ ಕಾಲದ ಶಾಸನ ಆ ಆಸ್ತಿಯ ಚರಿತ್ರೆಯನ್ನು ನೆನೆಯುತ್ತದೆ. ಮೊದಲು ಶ್ರುತಕೀರ್ತಿ, ಅವನ ಕಾಲಾನಂತರ ದೊರೆ ಮೃಗೇಶನ ಕೊಡುಗೆಯಿಂದ ದಾಮಕೀರ್ತಿಯ ತಾಯಿ, ಬಳಿಕ ದಾಮಕೀರ್ತಿಯ ಮಗನಾದ ಪ್ರತೀಹಾರ ಜಯಕೀರ್ತಿ. ಈ ಜಯಕೀರ್ತಿ ತನ್ನ ತಂದೆತಾಯಿಯರ ಪುಣ್ಯಕ್ಕಾಗಿ ಗ್ರಾಮವನ್ನು ಜಿನಪೂಜೆಗೆ ಬಿಟ್ಟನು. ಅದರ ಆದಾಯದಿಂದ ವರ್ಷಕ್ಕೊಮ್ಮೆ ಎಂಟು ದಿನಗಳ ಉತ್ಸವ ನಡೆಯಬೇಕು, ಮಳೆಗಾಲದ ನಾಲ್ಕು ತಿಂಗಳು ಯಾಪನೀಯ ಮುನಿಗಳಿಗೆ ಆಹಾರ ಸಲ್ಲಬೇಕು ಎಂಬುದು ಏರ್ಪಾಡು.

ವಂಶಾವಳಿ ಬರೆಯುವುದು ಈ ಶಾಸನದ ಉದ್ದೇಶವಲ್ಲ. ಭೂಮಿ ಯಾರಿಂದ ಯಾರಿಗೆ ಬಂತೆಂದು ಹೇಳುವ ಭರದಲ್ಲಿ ವಂಶ ತಾನಾಗಿ ದಾಖಲಾಗಿದೆ. ರಾಜಸ್ತುತಿಯ ವಂಶಾವಳಿಗಳಿಗಿಂತ ಇಂಥವು ಹೆಚ್ಚು ನಂಬಲರ್ಹ ಎಂಬುದನ್ನು ಶಾಸನಗಳ ಅಭ್ಯಾಸಿಗಳು ಮರೆಯಬಾರದು. ಆದರೂ ಒಂದು ವಿಚಿತ್ರ ಉಳಿಯುತ್ತದೆ. ಈ ಆಸ್ತಿಯ ಸರಪಳಿಯಲ್ಲಿ ನಡುವಿನ ಕೊಂಡಿಯಾದ ಹೆಂಗಸು, ದೊರೆಯೇ ಗ್ರಾಮ ಕೊಟ್ಟು ಮನ್ನಿಸಿದ ಹೆಂಗಸು, ‘ದಾಮಕೀರ್ತಿಯ ತಾಯಿ’ಯಾಗಿಯೇ ಉಳಿದಿದ್ದಾಳೆ. ಭೂಮಿ ಅವಳದಾಗಿತ್ತು, ಹೆಸರು ಮಾತ್ರ ಮಗನದು.

ಇದಕ್ಕೆ ಪ್ರತಿಯಾಗಿ ಸವದತ್ತಿಯ ರಟ್ಟರ ಶಾಸನಗಳನ್ನು ಇಟ್ಟು ನೋಡಬಹುದು. 980ರಲ್ಲಿ ಶಾಂತಿವರ್ಮನು ತಾನು ಕಟ್ಟಿಸಿದ ಜಿನಾಲಯಕ್ಕೆ ನೂರೈವತ್ತು ಮತ್ತರು ಭೂಮಿ ಬಿಟ್ಟಾಗ, ಅವನ ತಾಯಿ ನಿಜಿಯಬ್ಬೆಯೂ ಅಷ್ಟೇ ಭೂಮಿ ಬಿಟ್ಟಳು. ಅವಳು ದಾನಿಯಾದುದರಿಂದ ಅವಳ ಹೆಸರು ಕಲ್ಲಿಗೇರಿತು. ಇದೇ ರಟ್ಟರು ತಮ್ಮ ಮೂಲವನ್ನು ಹೇಳುವಾಗ ಎಡವಿದ್ದೂ ಉಂಟು. ಸವದತ್ತಿಯ ಶಾಸನವೊಂದು ಶಾಂತಿವರ್ಮನ ಅಜ್ಜ ಪೃಥ್ವೀರಾಮನನ್ನು ಶಕ 797ಕ್ಕೆ, ಅಂದರೆ 875ಕ್ಕೆ, ದೊರೆ ಕೃಷ್ಣನ ಕಾಲಕ್ಕೆ ಸೇರಿಸುತ್ತದೆ. ಅಜ್ಜನಿಗೂ ಮೊಮ್ಮಗನಿಗೂ ನಡುವೆ ನೂರೈದು ವರ್ಷ! ಸಾಲದ್ದಕ್ಕೆ 875ರಲ್ಲಿ ಆಳುತ್ತಿದ್ದವನು ಕೃಷ್ಣನಲ್ಲ, ಅಮೋಘವರ್ಷ ನೃಪತುಂಗ. ಫ್ಲೀಟ್ ಆ ಕೃಷ್ಣನನ್ನು ಮೂರನೆಯ ಕೃಷ್ಣನೆಂದು ತಿಳಿದು ತೇದಿಯನ್ನು ತಳ್ಳಿಹಾಕಿದನು. ಮನೆತನದ ಹಳಮೆಯನ್ನು ಹಿಗ್ಗಿಸುವ ಆಸೆ ಇಂದಿನದಲ್ಲ.

ಇನ್ನು ಕನ್ನಡದ ಅತ್ಯಂತ ಪ್ರಸಿದ್ಧನಾದ ಕವಿಯ ವಂಶದ ವಿಚಾರ. 902ರಲ್ಲಿ ಹುಟ್ಟಿ, 941ರಲ್ಲಿ ಆದಿಪುರಾಣವನ್ನು ಮುಗಿಸಿದ ಪಂಪನು ವಿಕ್ರಮಾರ್ಜುನ ವಿಜಯದ ಕೊನೆಯಲ್ಲಿ ತನ್ನ ಹಿರಿಯರನ್ನು ಹೆಸರಿಸಿದ್ದಾನೆ. ವೆಂಗಿಮಂಡಲದ ವೆಂಗಿಪಳುವಿನ ವತ್ಸಗೋತ್ರದ ಮಾಧವ ಸೋಮಯಾಜಿ, ಅವನ ಮಗ ಅಭಿಮಾನಚಂದ್ರ, ಅವನ ಮಗ ಕೊಮರಯ್ಯ, ಅವನ ಮಗ ಅಭಿರಾಮದೇವರಾಯ. ಈ ಕೊನೆಯವನೇ ಪಂಪನ ತಂದೆ, ಆ ಮನೆತನದಲ್ಲಿ ಜಿನಧರ್ಮವನ್ನು ಸ್ವೀಕರಿಸಿದವನು. ಯಜ್ಞ ಮಾಡಿದ ಹಿರಿಯನನ್ನು ಪಂಪನು ಮರೆಮಾಚಲಿಲ್ಲ. ಆ ಯಜ್ಞದ ಬಗ್ಗೆ ತನಗಿದ್ದ ಅಸಮ್ಮತಿಯನ್ನೂ ಮುಚ್ಚಿಡಲಿಲ್ಲ. ಹಿರಿಯರನ್ನು ಒಪ್ಪಿಕೊಂಡೂ ಅವರ ದಾರಿಯನ್ನು ಒಪ್ಪದಿರುವ ಈ ನೇರತೆ ಹತ್ತನೆಯ ಶತಮಾನದ ಕವಿಯಲ್ಲಿ ಕಾಣುತ್ತದೆ. ಹಾಲಿವುಡ್ಡಿನ ನಟನಿಗೆ ಅದು ಕಷ್ಟವಾಯಿತು.

ಆದರೆ ಈ ಐದು ತಲೆಗಳ ಪಟ್ಟಿಯಲ್ಲಿ ಒಬ್ಬ ಹೆಣ್ಣೂ ಇಲ್ಲ. ತನ್ನ ಆಶ್ರಯದಾತ ವೇಮುಲವಾಡದ ಅರಿಕೇಸರಿಯ ವಂಶವನ್ನು ವರ್ಣಿಸುವಾಗ ಅವನ ತಾಯಿ ಜಾಕವ್ವೆಯನ್ನು ಹೆಸರಿಸುವ ಪಂಪ, ತನ್ನ ತಾಯಿಯ ಹೆಸರನ್ನು ಹೇಳದೆ ಬಿಟ್ಟನು. ಕಾವ್ಯವನ್ನೇ ನಂಬಿಕೊಂಡಿದ್ದ ಕಾಲದಲ್ಲಿ ಅವನ ತಾಯಿಯ ಬಗ್ಗೆ ಏನನ್ನೂ ಹೇಳುವುದು ಸಾಧ್ಯವಿರಲಿಲ್ಲ. ಬನವಾಸಿಯ ಮೇಲಿನ ಅವನ ಒಲವು, ಪುಲಿಗೆರೆಯ ತಿರುಳ್ಗನ್ನಡದ ಮೇಲಿನ ಅಭಿಮಾನ ಎಲ್ಲಿಂದ ಬಂದವು ಎಂದು ವಿದ್ವಾಂಸರು ಊಹೆಗಳಲ್ಲೇ ಅಲೆದರು.

ಆ ಕೊರತೆಯನ್ನು ತುಂಬಿದವನು ತಮ್ಮ ಜಿನವಲ್ಲಭ. ತೆಲಂಗಾಣದ ಕರೀಂನಗರ ಸೀಮೆಯ ಕುರಿಕ್ಯಾಲದ ಬೊಮ್ಮಲಗುಟ್ಟದಲ್ಲಿ ಅವನು ಬರೆಯಿಸಿದ ಶಾಸನ ಕಳೆದ ಶತಮಾನದ ಉತ್ತರಾರ್ಧದಲ್ಲಿ ವಿದ್ವಾಂಸರ ಕಣ್ಣಿಗೆ ಬಿತ್ತು. ಅದು ತಂದೆತಾಯಿಯರಿಬ್ಬರನ್ನೂ ಒಂದೇ ಅಳತೆಯಲ್ಲಿ ಪರಿಚಯಿಸುತ್ತದೆ. ಅಭಿಮಾನಚಂದ್ರನ ಮೊಮ್ಮಗ ಭೀಮಪಯ್ಯ ತಂದೆ. ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು ಅಬ್ಬಣಬ್ಬೆ ತಾಯಿ. ಅಣ್ಣ ಹೇಳಿದ ತಂದೆಯ ಕಡೆಯ ವಂಶಕ್ಕೂ ತಮ್ಮ ಹೇಳಿದ್ದಕ್ಕೂ ವಿರೋಧವಿಲ್ಲ. ಅಭಿರಾಮದೇವರಾಯನೇ ಭೀಮಪಯ್ಯ, ಅವನ ಅಜ್ಜ ಅಭಿಮಾನಚಂದ್ರ. ಹೊಸದಾಗಿ ಸೇರಿದ್ದು ತಾಯಿಯ ಕಡೆ. ಒಂದೇ ಸಾಲಿನ ಆ ಮಾತಿನಿಂದ ಪಂಪನ ಮನೆತನಕ್ಕೆ ವೆಂಗಿಯಷ್ಟೇ ಗಟ್ಟಿಯಾದ ಇನ್ನೊಂದು ಬೇರು, ಕನ್ನಡದ ತಿರುಳುನಾಡಿನಲ್ಲಿ, ಕಾಣಿಸಿತು. ಅಣ್ಣಿಗೇರಿಯೂ ಪುಲಿಗೆರೆಯೂ ನೆರೆಯ ಊರುಗಳೆಂಬುದನ್ನು ನೆನೆದರೆ ಕವಿಯ ಭಾಷಾಭಿಮಾನ ಅನಾಥವಾಗಿ ತೋರುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಪಂಪನು ಅಣ್ಣಿಗೇರಿಯಲ್ಲಿ ಹುಟ್ಟಿದನೆಂದು ಪಠ್ಯಪುಸ್ತಕಗಳಲ್ಲೂ ಭಾಷಣಗಳಲ್ಲೂ ಧಾರಾಳವಾಗಿ ಹೇಳಲಾಗುತ್ತದೆ. ಶಾಸನ ಹಾಗೆ ಹೇಳುವುದಿಲ್ಲ. ಅದು ಅಣ್ಣಿಗೇರಿಯವನೆಂದು ಹೇಳುವುದು ತಾಯಿಯ ಅಜ್ಜನನ್ನು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವ ವಾಡಿಕೆಯನ್ನು ಆಧರಿಸಿ ಉಳಿದದ್ದನ್ನು ಊಹಿಸಲಾಗಿದೆ. ಊಹೆ ಒಪ್ಪುವಂಥದೇ ಇರಬಹುದು, ಆದರೆ ಅದನ್ನು ಶಾಸನದ ಮಾತೆಂದು ಬರೆಯುವುದು ಹೆಳವನ ಉದಾರತೆಯೇ ಹೊರತು ಸಂಶೋಧನೆಯಲ್ಲ.

ಅರ್ಧ ಶತಮಾನದ ಬಳಿಕ ಬಂದ ರನ್ನನಲ್ಲಿ ಇಂಥ ತೊಡಕಿಲ್ಲ. ಮುದುವೊಳಲಿನ, ಅಂದರೆ ಇಂದಿನ ಮುಧೋಳದ, ಬಳೆಗಾರರ ಕುಲದಲ್ಲಿ ಹುಟ್ಟಿದವನು ತಾನೆಂದು ಅವನು ನಿಸ್ಸಂಕೋಚವಾಗಿ ಹೇಳಿಕೊಂಡನು. 993ರ ಅಜಿತಪುರಾಣದಲ್ಲಿ ತಂದೆ ಜಿನವಲ್ಲಭೇಂದ್ರ, ತಾಯಿ ಅಬ್ಬಲಬ್ಬೆ, ಅಣ್ಣಂದಿರು, ಹೆಂಡಿರಾದ ಜಕ್ಕಿ ಮತ್ತು ಶಾಂತಿ, ಮಗ ರಾಯ, ಆಶ್ರಯದಾತೆಯ ಹೆಸರನ್ನೇ ಇಟ್ಟ ಮಗಳು ಅತ್ತಿಮಬ್ಬೆ, ಎಲ್ಲರೂ ಇದ್ದಾರೆ. ದಾನಚಿಂತಾಮಣಿ ಎನಿಸಿದ ಹೆಂಗಸೊಬ್ಬಳ ಆಶ್ರಯದಲ್ಲಿ ಬರೆದ ಕಾವ್ಯದಲ್ಲಿ ಮನೆಯ ಹೆಂಗಸರಿಗೆ ಇಷ್ಟು ಜಾಗ ಸಿಕ್ಕಿದ್ದು ಆಕಸ್ಮಿಕವಾಗಿರಲಾರದು.

ಕುರಿಕ್ಯಾಲದ ಬಂಡೆಗೆ ಇಂದು ಇಬ್ಬರು ವಾರಸುದಾರರಿದ್ದಾರೆ. ಶಾಸನ ಕನ್ನಡ, ಸಂಸ್ಕೃತ, ತೆಲುಗು ಮೂರೂ ಭಾಷೆಗಳಲ್ಲಿದ್ದು, ಅದರ ತೆಲುಗು ಕಂದಪದ್ಯಗಳು ತೆಲುಗಿನ ಪ್ರಾಚೀನತೆಗೆ ದೊಡ್ಡ ಆಧಾರವಾಗಿವೆ. ತೆಲುಗಿಗೂ ಕನ್ನಡಕ್ಕೂ 2008ರಲ್ಲಿ ಶಾಸ್ತ್ರೀಯ ಸ್ಥಾನ ದೊರೆಯುವ ಸುಮಾರಿಗೆ ಈ ಬಂಡೆಯ ಮಾತು ಅಲ್ಲಿ ಬಹಳ ಕೇಳಿಬಂದಿತ್ತು. ತೆಲುಗರು ಕಂದಪದ್ಯಗಳನ್ನು ಓದಲು ಅಲ್ಲಿಗೆ ಹೋಗುತ್ತಾರೆ, ಕನ್ನಡಿಗರು ಪಂಪನನ್ನು ಹುಡುಕಿಕೊಂಡು ಹೋಗುತ್ತಾರೆ. ಬಂಡೆಯ ಮೇಲೆ ಚಕ್ರೇಶ್ವರಿಯನ್ನೂ ಜಿನಬಿಂಬಗಳನ್ನೂ ಕಡೆದಿದ್ದಾರೆ. ಅಣ್ಣನ ಬಿರುದನ್ನು ಹೊತ್ತ ಕವಿತಾಗುಣಾರ್ಣವ ಎಂಬ ಕೆರೆ, ತ್ರಿಭುವನತಿಲಕ ಎಂಬ ಬಸದಿ, ಮದನವಿಲಾಸ ಎಂಬ ತೋಟ ಇವೆಲ್ಲವನ್ನೂ ತಾನು ಮಾಡಿಸಿದೆನೆಂದು ಜಿನವಲ್ಲಭನು ಹೇಳಿಕೊಳ್ಳುವ ಅದೇ ಶಾಸನದ ಕನ್ನಡ ಭಾಗದಲ್ಲಿ ಅಬ್ಬಣಬ್ಬೆಯ ಹೆಸರಿದೆ.