ವಲಸೆಯ ಸ್ತ್ರೀಯರ ನಿತ್ಯಜೀವನವೂ ಸಂವಾದಾತ್ಮಕ ಸಾಕ್ಷ್ಯಚಿತ್ರವೂ

1955ನೆಯ ಇಸವಿಯಲ್ಲಿ ಕೆನಡ ಸರ್ಕಾರವು ವೆಸ್ಟ್ ಇಂಡೀಸ್ ದ್ವೀಪಗಳಿಂದ ಮನೆಗೆಲಸಕ್ಕೆ ಸ್ತ್ರೀಯರನ್ನು ಕರೆಸಿಕೊಳ್ಳುವ ಯೋಜನೆಯೊಂದನ್ನು ಆರಂಭಿಸಿತು. ಮೊದಲ ವರ್ಷ ಜಮೈಕದಿಂದ 75 ಮಂದಿಯೂ ಬಾರ್ಬಡೋಸಿನಿಂದ 25 ಮಂದಿಯೂ ಬಂದರು. ಹಾಗೆ ಬರತಕ್ಕವರು ಅವಿವಾಹಿತೆಯರಾಗಿರಬೇಕು, ವಯಸ್ಸು 18ಕ್ಕೆ ಕಡಿಮೆಯಿರದೆ 35ನ್ನು ಮೀರದೆ ಇರಬೇಕು, ಅವರನ್ನೇ ನಂಬಿದ ಮಕ್ಕಳುಮರಿ ಇರಕೂಡದು, ವೈದ್ಯಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು, ಒಂದು ವರ್ಷ ಕಾಲ ಮನೆಗೆಲಸದಲ್ಲಿ ದುಡಿಯಬೇಕು—ಹೀಗೆ ನಿಬಂಧನೆಗಳಿದ್ದುವು. 1967ರವರೆಗೆ ನಡೆದ ಈ ಯೋಜನೆಯ ವಿಷಯದಲ್ಲಿ ಸರ್ಕಾರಿ ಕಡತಗಳು ಹೇಳತಕ್ಕದ್ದು ಬಹುಮಟ್ಟಿಗೆ ಈ ನಿಬಂಧನೆಗಳ ಭಾಷೆಯಲ್ಲಿಯೇ ಇದೆ. ಆ ನೂರು ಮಂದಿ ಬೆಳಗ್ಗೆ ಎಷ್ಟು ಹೊತ್ತಿಗೆ ಏಳುತ್ತಿದ್ದರು, ಹಿಮ ಬೀಳುವ ಊರಿನಲ್ಲಿ ಒದ್ದೆ ಬಟ್ಟೆಯನ್ನು ಎಲ್ಲಿ ಹರವುತ್ತಿದ್ದರು, ಬಿಡುವಿನ ದಿನ ಯಾರ ಮನೆಯಲ್ಲಿ ಕಲೆತು ತಮ್ಮ ಸೀಮೆಯ ಅಡಿಗೆ ಮಾಡಿ ಉಣ್ಣುತ್ತಿದ್ದರು—ಇವನ್ನು ಬರೆದುಕೊಳ್ಳುವುದಕ್ಕೆ ಅಂಥ ಕಡತದಲ್ಲಿ ಜಾಗವೇ ಇರುವುದಿಲ್ಲ.

ಸ್ತ್ರೀಯರು ಮಾತನಾಡಲಿಲ್ಲ, ಆದುದರಿಂದ ಇತಿಹಾಸದಲ್ಲಿ ಅವರ ನಿತ್ಯಜೀವನ ಉಳಿಯಲಿಲ್ಲ ಎಂದು ಹೇಳುವುದು ರೂಢಿ. ಈ ಮಾತು ಸಾಧುವಲ್ಲ. ಕೇಳಿದಾಗ ಅವರು ಧಾರಾಳವಾಗಿಯೇ ಮಾತನಾಡಿದ್ದಾರೆ. ಕೆನಡದಲ್ಲಿ ಮನೆಗೆಲಸಕ್ಕಿದ್ದ ಕೆರಿಬಿಯನ್ ಸ್ತ್ರೀಯರ ಮಾತುಗಳನ್ನು ಮಕೇಡ ಸಿಲ್ವೆರ ಅವರು 1983ರಲ್ಲಿ 'ಸೈಲೆನ್ಸ್ಡ್' ಎಂಬ ಗ್ರಂಥದಲ್ಲಿ ಪ್ರಕಟಿಸಿದುದೇ ಇದಕ್ಕೆ ನಿದರ್ಶನ. ದೋಷವಿರುವುದು ತಲೆಬರಹಗಳಲ್ಲಿ. ನಮ್ಮ ದೇಶದ ಜನಗಣತಿಯನ್ನೇ ನೋಡಬಹುದು. ವಲಸೆಗೆ ಕಾರಣವೇನೆಂಬ ಪ್ರಶ್ನೆಯನ್ನು 1981ರ ಗಣತಿಯಲ್ಲಿ ಮೊದಲ ಬಾರಿಗೆ ಸೇರಿಸಲಾಯಿತು. ಸ್ತ್ರೀಯರ ಉತ್ತರಗಳ ಬಹುಭಾಗ 'ಮದುವೆ' ಎಂಬ ತಲೆಬರಹದ ಕೆಳಗೆ ಬಿದ್ದಿತು. ಮದುವೆಯಾಗಿ ಬೆಂಗಳೂರಿಗೆ ಬಂದು, ಬಂದ ಮರುತಿಂಗಳಿನಿಂದ ಹತ್ತು ವರ್ಷ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿದವಳೂ ಆ ಪ್ರಶ್ನೆಯ ಮಟ್ಟಿಗೆ ಮದುವೆಯ ವಲಸಿಗಳೇ. ಲೆಕ್ಕ ತಪ್ಪಲ್ಲ; ಆದರೆ ಲೆಕ್ಕದಲ್ಲಿ ಅವಳ ದಿನವಿಲ್ಲ.

ಈ ದಿನವನ್ನು ಹಿಡಿಯುವುದಕ್ಕೆ ಸಾಕ್ಷ್ಯಚಿತ್ರವೇ ತಕ್ಕ ಸಾಧನವೆಂದು ತೋರಬಹುದು. ಕೈಗಳ ಚಲನೆ, ಪಾತ್ರೆಯ ಸದ್ದು, ಬಾಗಿಲಲ್ಲಿ ಬಿಟ್ಟ ಚಪ್ಪಲಿ ಇವೆಲ್ಲ ಲಿಖಿತ ದಾಖಲೆಯಲ್ಲಿ ಸಿಕ್ಕದೆ ಚಿತ್ರದಲ್ಲಿ ಸಿಕ್ಕುತ್ತವೆ. ಆದರೆ ನಿತ್ಯಜೀವನಕ್ಕೆ ಕಥೆಯಿಲ್ಲ, ಚಲಚ್ಚಿತ್ರಕ್ಕೆ ಕಥೆ ಬೇಕು. ತೊಂಬತ್ತು ನಿಮಿಷಗಳ ಚಿತ್ರವೊಂದರಲ್ಲಿ ವಲಸೆ ಬಂದವಳು ಕಷ್ಟಪಟ್ಟು ಗೆಲ್ಲಬೇಕು, ಇಲ್ಲವೆ ಸೋಲಬೇಕು. ಸಂಕಲನದ ಮೇಜಿನ ಮೇಲೆ ಅವಳ ಸಾವಿರ ಸಂಜೆಗಳು ಒಂದೇ ಸಂಜೆಯಾಗಿ, ಆ ಒಂದು ಸಂಜೆಯೂ ಮುಂದಿನ ಘಟನೆಗೆ ಪೀಠಿಕೆಯಾಗಿ ಬಿಡುತ್ತದೆ.

ಈ ತೊಡಕನ್ನು ಬಹಳ ಹಿಂದೆಯೇ ಕಂಡುಕೊಂಡವರಲ್ಲಿ ಕೆನಡದ ರಾಷ್ಟ್ರೀಯ ಚಲಚ್ಚಿತ್ರ ಮಂಡಲಿಯ ಕಾಲಿನ್ ಲೋ ಒಬ್ಬರು. 1967ರಲ್ಲಿ ನ್ಯೂಫೌಂಡ್‌ಲೆಂಡಿನ ತೀರದಾಚೆಯ ಫೋಗೊ ದ್ವೀಪದಲ್ಲಿ ಮೀನುಗಾರರ ಹಳ್ಳಿಗಳನ್ನೇ ಎಬ್ಬಿಸಿ ಬೇರೆಡೆ ನೆಲೆಗೊಳಿಸುವ ಮಾತು ನಡೆದಿತ್ತು. ಲೋ ಅವರು ದ್ವೀಪದ ಜನರ ಮಾತುಗಳನ್ನು ಕತ್ತರಿಸಿ ಒಂದರೊಡನೊಂದು ಹೆಣೆದು ವಾದವೊಂದನ್ನು ಕಟ್ಟಲು ಒಪ್ಪಲಿಲ್ಲ. ಒಬ್ಬ ವ್ಯಕ್ತಿಗೆ ಅಥವಾ ಒಂದು ಸಂದರ್ಭಕ್ಕೆ ಒಂದರಂತೆ 20ಕ್ಕೂ ಹೆಚ್ಚು ಕಿರುಚಿತ್ರಗಳನ್ನು ತಯಾರಿಸಿ ದ್ವೀಪದವರಿಗೇ ತೋರಿಸಿದರು. ಅವುಗಳಲ್ಲೊಂದು, 'ಬಿಲ್ಲಿ ಕ್ರೇನ್ ಮೂವ್ಸ್ ಅವೇ', ಕಡಲನ್ನು ಬಿಟ್ಟು ಕೆಲಸ ಹುಡುಕಿಕೊಂಡು ಟೊರಾಂಟೊ ನಗರಕ್ಕೆ ಹೊರಟ ಮೀನುಗಾರನದು. ಹೊರಡುವ ಗಂಡಸಿಗೆ ಅವನದೇ ಒಂದು ಚಿತ್ರ ದೊರೆಯಿತು. ಅಂಥವರ ಹಿಂದೆಯೇ ಅದೇ ನಗರಕ್ಕೆ ಹೋದ ಹೆಂಗಸರ ಅಡಿಗೆಮನೆಗಳನ್ನು ಕಾಣಲು ನಾವು ನಾಲ್ಕು ದಶಕಗಳನ್ನು ದಾಟಬೇಕಾಗುತ್ತದೆ.

ಅದೇ ಮಂಡಲಿಯ ಪರವಾಗಿ ಕಟರೀನ ಸಿಜೆಕ್ ಅವರು 'ಹೈರೈಸ್' ಎಂಬ ದೀರ್ಘ ಯೋಜನೆಯೊಂದನ್ನು ಕೈಗೊಂಡರು. ಅದರ ಅಂಗವಾಗಿ 2010ರಲ್ಲಿ 'ಔಟ್ ಮೈ ವಿಂಡೊ' ಎಂಬ ಕೃತಿಯು ಅಂತರಜಾಲದಲ್ಲಿ ಪ್ರಕಟವಾಯಿತು. 13 ನಗರಗಳ ಬಹುಮಹಡಿ ಕಟ್ಟಡಗಳ ನಿವಾಸಿಗಳು ಹೇಳಿದ 49 ಕಥನಗಳು ಇದರಲ್ಲಿವೆ. ಟೊರಾಂಟೊ, ಜೊಹಾನೆಸ್‌ಬರ್ಗ್, ಬೇರೂತ್, ಇಸ್ತಾಂಬುಲ್ ಮೊದಲಾದ ನಗರಗಳೊಡನೆ ನಮ್ಮ ಬೆಂಗಳೂರೂ ಅವುಗಳಲ್ಲಿ ಒಂದೆಂಬುದನ್ನು ನಮ್ಮ ಅಧ್ಯಾಪಕರು ಗಮನಿಸಬೇಕು. ನಿರ್ದೇಶಕಿಯು ಬಹುತೇಕ ಊರುಗಳಿಗೆ ತಾವು ಹೋಗದೆ ಆಯಾ ಊರಿನ ಛಾಯಾಗ್ರಾಹಕರು, ಪತ್ರಕರ್ತರು ಮುಂತಾದವರ ನೆರವಿನಿಂದ ಕೆಲಸ ನಡೆಸಿದರು. ಪ್ರೇಕ್ಷಕನ ಮುಂದೆ ಕಿಟಕಿಗಳಿಂದ ತುಂಬಿದ ಗೋಪುರವೊಂದು ನಿಲ್ಲುತ್ತದೆ. ಒಂದು ಕಿಟಕಿಯನ್ನು ಮುಟ್ಟಿದರೆ ಮನೆಯ ಒಳಗು ಸುತ್ತಲೂ ತಿರುಗಿ ನೋಡುವಂತೆ ತೆರೆದುಕೊಳ್ಳುತ್ತದೆ. ಅಲ್ಲಿನ ಒಂದು ವಸ್ತುವನ್ನು ಮುಟ್ಟಿದರೆ ಅದರ ಕಥೆ ಕೇಳಿಬರುತ್ತದೆ. ಈ ಕೃತಿಯು ಸ್ತ್ರೀಯರನ್ನು ಮಾತ್ರ ಕುರಿತದ್ದಲ್ಲ, ವಲಸೆ ಬಂದವರನ್ನು ಮಾತ್ರ ಕುರಿತದ್ದೂ ಅಲ್ಲ. ಆದರೂ ವಲಸೆಯ ಸ್ತ್ರೀಯ ದಿನವನ್ನು ಹೇಳಲು ಬಯಸುವವರಿಗೆ ಇದು ತೋರಿಸಿದ ದಾರಿ ದೊಡ್ಡದು: ಜೀವನವನ್ನು ಘಟನೆಗಳ ಸಾಲಾಗಿ ಅಲ್ಲದೆ ಕೋಣೆಯಾಗಿ ಕಾಣಿಸುವುದು.

ಇಲ್ಲಿ ಒಂದು ಆಕ್ಷೇಪವನ್ನು ಎತ್ತಲೇಬೇಕಾಗಿದೆ. ಇಂಥ ಕೃತಿಗಳನ್ನು ಹೊಗಳುವವರು ಪ್ರೇಕ್ಷಕನ ಸ್ವಾತಂತ್ರ್ಯವನ್ನೇ ಮುಂದಿಟ್ಟು ಹೊಗಳುತ್ತಾರೆ. ಅವನು ಬೇಕಾದುದನ್ನು ಮುಟ್ಟುತ್ತಾನೆ, ಬೇಸರವಾದುದನ್ನು ಬಿಟ್ಟು ಮುಂದೆ ಹೋಗುತ್ತಾನೆ. ಆದರೆ ಪಾತ್ರೆ ತೊಳೆಯುವವಳಿಗೆ ಆ ಸ್ವಾತಂತ್ರ್ಯವಿಲ್ಲ. ಬಿಟ್ಟು ಹೋಗಲಾಗದಿರುವುದೇ ಅವಳ ದಿನದ ಲಕ್ಷಣ. ಬಿಟ್ಟು ಹೋಗಬಲ್ಲ ಪ್ರೇಕ್ಷಕನಿಗೆ ಅದರ ಅರಿವಾಗುವ ಬಗೆ ಹೇಗೆ? 1975ರಲ್ಲಿ ಶಾಂತಾಲ್ ಅಕರ್ಮನ್ ಅವರು 'ಜನ್ ಡೀಲ್ಮನ್' ಎಂಬ ಕಥಾಚಿತ್ರದಲ್ಲಿ ಬ್ರಸೆಲ್ಸಿನ ವಿಧವೆಯೊಬ್ಬಳು ಆಲೂಗೆಡ್ಡೆ ಹೆರೆಯುವುದನ್ನೂ ಪಾತ್ರೆ ತೊಳೆಯುವುದನ್ನೂ ಮೊಟಕುಮಾಡದೆ ತೋರಿಸಿ, ಮೂರು ಗಂಟೆಗೂ ಮಿಕ್ಕಿ ಪ್ರೇಕ್ಷಕರನ್ನು ಕುರ್ಚಿಯಲ್ಲಿ ಕೂರಿಸಿದರು. ಅಲ್ಲಿ ಬೇಸರವೇ ಸಾಕ್ಷ್ಯ. ಈ ದೃಷ್ಟಿಯಿಂದ ಹಳೆಯ ಚಿತ್ರಮಂದಿರವು ಗಣಕಯಂತ್ರಕ್ಕಿಂತ ಪ್ರಾಮಾಣಿಕವಾದುದೆಂದು ನನ್ನ ಅಭಿಪ್ರಾಯ.

ಆದರೆ ಇದಕ್ಕೆ ಪರಿಹಾರವಿಲ್ಲದೆ ಇಲ್ಲ. ಅದನ್ನು ತಿಳಿಯಬೇಕಾದರೆ ಕೃತಿಯ ಒಳಗಿನ ಯಂತ್ರವನ್ನು ಸ್ವಲ್ಪ ಬಿಚ್ಚಿ ನೋಡಬೇಕು. ಜರ್ಮನಿಯ ಫ್ಲೋರಿಯಾನ್ ಥಾಲ್ಹೋಫರ್ ಅವರು 2000ದಲ್ಲಿ ರೂಪಿಸಿದ ಕೊರ್ಸಕೋವ್ ಎಂಬ ತಂತ್ರಾಂಶವು ಇದಕ್ಕೆ ಒಳ್ಳೆಯ ಉದಾಹರಣೆ. (ಕೊರ್ಸಕೋವ್ ಎಂಬುದು ನೆನಪು ಕೆಡುವ ಒಂದು ರೋಗದ ಹೆಸರು; ರೋಗಿಯು ಮರೆತ ಎಡೆಗಳನ್ನು ತಾನೇ ಕಟ್ಟಿದ ಕಥೆಗಳಿಂದ ತುಂಬುತ್ತಾನಂತೆ. ಇತಿಹಾಸಕಾರರು ಈ ಹೆಸರನ್ನು ಕೇಳಿ ನಗುವುದೋ ತಲೆ ತಗ್ಗಿಸುವುದೋ ತಿಳಿಯದು.) ಇದರಲ್ಲಿ ಚಿತ್ರವನ್ನು ಚಿಕ್ಕ ಚಿಕ್ಕ ತುಣುಕುಗಳಾಗಿಯೇ ಇಡಲಾಗುತ್ತದೆ. ಪ್ರತಿಯೊಂದು ತುಣುಕಿಗೂ ಕೆಲವು ಸೂಚಿಪದಗಳನ್ನು ಅಂಟಿಸಬೇಕು. ಒಂದು ತುಣುಕು ನಡೆಯುತ್ತಿರುವಾಗ ಯಂತ್ರವು ಅದೇ ಪದವುಳ್ಳ ಇತರ ತುಣುಕುಗಳನ್ನು ಹುಡುಕಿ ಮುಂದಿಡುತ್ತದೆ. ಪ್ರೇಕ್ಷಕನು ಅವುಗಳಲ್ಲಿ ಒಂದನ್ನು ಆರಿಸುತ್ತಾನೆ. ಒಂದು ತುಣುಕು ಎಷ್ಟು ಸಲ ಮರಳಿ ಬರಬಹುದೆಂಬುದನ್ನೂ ಕರ್ತೃವು ಗೊತ್ತುಮಾಡಬಹುದು. ಈ ಕೊನೆಯ ಸೌಕರ್ಯದಲ್ಲಿಯೇ ಮೇಲಣ ಆಕ್ಷೇಪಕ್ಕೆ ಉತ್ತರವಿದೆ. ಪಾತ್ರೆ ತೊಳೆಯುವ ತುಣುಕು ಯಾವ ದಾರಿಯಲ್ಲಿ ಹೋದರೂ ಮತ್ತೆ ಮತ್ತೆ ಎದುರಾಗುವಂತೆ ಮಾಡಿದರೆ ಪ್ರೇಕ್ಷಕನು ಅದನ್ನು ತಪ್ಪಿಸಿಕೊಳ್ಳಲಾರ.

ಹಾಗಾದರೆ ಕರ್ತೃವಿನ ಅಧಿಕಾರ ಎಲ್ಲಿಯೂ ಹೋಗಿಲ್ಲ. ಸಂಕಲನದ ಮೇಜಿನಿಂದ ಎದ್ದು ಬಂದು ಸೂಚಿಪದಗಳ ಪಟ್ಟಿಯಲ್ಲಿ ಕುಳಿತಿದೆ, ಅಷ್ಟೆ. ಪರವೂರಿನಲ್ಲಿ ಒಲೆಯ ಮುಂದೆ ನಿಂತು ತಾಯಿಯೊಡನೆ ದೂರವಾಣಿಯಲ್ಲಿ ಮಾತನಾಡುತ್ತಿರುವ ಹೆಂಗಸಿನ ತುಣುಕೊಂದನ್ನು ಊಹಿಸಿಕೊಳ್ಳಿ. ಇದಕ್ಕೆ 'ಅಡಿಗೆ' ಎಂಬ ಪದವನ್ನು ಕೊಟ್ಟರೆ ಮುಂದೆ ಇನ್ನೊಬ್ಬಳ ಒಲೆ ಕಾಣುತ್ತದೆ. 'ತವರು' ಎಂದರೆ ಹಳ್ಳಿಯ ಬೀದಿ ಕಾಣುತ್ತದೆ. 'ಸಾಲ' ಎಂದರೆ, ಅವಳು ಆ ಮಾತಿನ ನಡುವೆ ಕಳುಹಿಸಬೇಕಾದ ಹಣದ ವಿಚಾರವನ್ನೆತ್ತಿದ್ದರೆ, ಬ್ಯಾಂಕಿನ ಸಾಲುಗಟ್ಟೆ ಕಾಣುತ್ತದೆ. ತುಣುಕು ಒಂದೇ, ಇತಿಹಾಸ ಮೂರು. ನಮ್ಮ ಬೀಸುವ ಪದಗಳನ್ನು ಸಂಗ್ರಹಿಸಿದವರು ಅವನ್ನು ತವರು, ಅಣ್ಣ, ಅತ್ತೆ ಎಂದು ವಿಂಗಡಿಸಿ ಅಚ್ಚುಹಾಕಿದಾಗಲೂ ನಡೆದುದು ಇದೇ. ಕಲ್ಲಿನ ಮುಂದೆ ಕುಳಿತವಳು ಆ ವಿಂಗಡಣೆಯಲ್ಲಿ ಹಾಡಿದವಳಲ್ಲ. ವಲಸೆಯ ಕಚೇರಿಯ ಗುಮಾಸ್ತ, ಗಣತಿಯ ಅಧಿಕಾರಿ, ಪದಗಳ ಸಂಗ್ರಾಹಕ, ಸಾಕ್ಷ್ಯಚಿತ್ರದ ಕರ್ತೃ—ಈ ನಾಲ್ವರೂ ಒಂದೇ ಕೆಲಸವನ್ನು ಮಾಡುತ್ತಾರೆ. ಕೊನೆಯವನ ಕೆಲಸ ಮಾತ್ರ ಪರದೆಯ ಹಿಂದೆ ಅಡಗಿರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ಅಡಗಿರುವುದು ಮಾತ್ರವಲ್ಲ, ಅಳಿಯುತ್ತಲೂ ಇದೆ. 'ಔಟ್ ಮೈ ವಿಂಡೊ' ಸೇರಿ ಆ ಕಾಲದ ಅನೇಕ ಕೃತಿಗಳು ಫ್ಲ್ಯಾಷ್ ಎಂಬ ತಂತ್ರಾಂಶದ ಮೇಲೆ ನಿಂತಿದ್ದುವು. ಅದನ್ನು ತಯಾರಿಸಿದ ಸಂಸ್ಥೆಯು 2020ರ ಡಿಸೆಂಬರ್ 31ರಂದು ಅದರ ಪೋಷಣೆಯನ್ನು ನಿಲ್ಲಿಸಿತು. 2021ರ ಜನವರಿ 12ರಿಂದ ಅದು ನಡೆಯದಂತೆಯೇ ಮಾಡಿತು. ಅಂಥ ಕೃತಿಗಳನ್ನು ಮೂಲರೂಪದಲ್ಲಿ ಸಾಮಾನ್ಯ ಗಣಕಯಂತ್ರದಲ್ಲಿ ತೆರೆಯುವುದು ಈಗ ಸಾಧ್ಯವಿಲ್ಲ. 1955ರ ಕಡತದ ಕಾಗದ ಇನ್ನೂ ಓದಲು ಬರುತ್ತದೆ. 2010ರ ಕೋಣೆಗಳ ಬಾಗಿಲು ಹತ್ತೇ ವರ್ಷಗಳಲ್ಲಿ ಮುಚ್ಚಿಕೊಂಡಿತು. ತುಣುಕುಗಳನ್ನು ಬೇರೆ ಕಡೆ ನಕಲುಮಾಡಿ ಉಳಿಸಬಹುದು. ಆದರೆ ಅವು ಒಂದಕ್ಕೊಂದು ಹೇಗೆ ಕೂಡಿದ್ದುವೆಂಬುದು ಹೋದರೆ ಉಳಿಯುವುದು ಬಿಡಿಚಿತ್ರಗಳ ರಾಶಿ.

ಆದಕಾರಣ ನಮ್ಮ ಕಾಲೇಜುಗಳಲ್ಲಿ ಬೆಂಗಳೂರಿನ ಉಡುಪು ಕಾರ್ಖಾನೆಗಳಿಗೆ ಹಳ್ಳಿಗಳಿಂದ ಬಂದ ಹೆಣ್ಣುಮಕ್ಕಳನ್ನು ಕುರಿತು ಇಂಥ ಕೃತಿಯನ್ನು ರಚಿಸಲು ಮುಂದಾಗುವ ವಿದ್ಯಾರ್ಥಿಗಳಿಗೆ ಎರಡು ಮಾತು ಹೇಳಬಯಸುತ್ತೇನೆ. ಸೂಚಿಪದಗಳ ಪಟ್ಟಿಯನ್ನು ಕಾಗದದ ಮೇಲೆ ಬರೆದು, ಯಾರು ಯಾವ ದಿನ ಯಾವ ಪದವನ್ನು ಏಕೆ ಕೊಟ್ಟರೆಂಬುದನ್ನೂ ಸೇರಿಸಿ ಗ್ರಂಥಭಂಡಾರದಲ್ಲಿ ಇಡಬೇಕು. ಮತ್ತು ಪ್ರತಿಯೊಂದು ತುಣುಕನ್ನೂ ಅದರಲ್ಲಿ ಕಾಣುವವಳಿಗೆ ತೋರಿಸಿ, ಇದನ್ನು ನೀವಾದರೆ ಏನೆಂದು ಕರೆಯುತ್ತೀರಿ ಎಂದು ಕೇಳಿ, ಅವಳು ಹೇಳಿದ ಪದವನ್ನು ಅವಳ ನುಡಿಯಲ್ಲಿಯೇ ನಮ್ಮ ಪದದ ಪಕ್ಕದಲ್ಲಿ ಬರೆದಿಡಬೇಕು. ಎರಡೂ ಹೊಂದದಿದ್ದ ಕಡೆ ಯಾವುದನ್ನೂ ತಿದ್ದತಕ್ಕದ್ದಲ್ಲ.