ಕೃಶತೆಯೂ ಬಲವೂ: ಗಾಜಿನ ಎಳೆಯಿಂದ ಗ್ರ್ಯಾಫೀನಿನವರೆಗೆ

ಸ್ಥೂಲವಾದುದು ಬಲಿಷ್ಠ, ಕೃಶವಾದುದು ದುರ್ಬಲ ಎಂಬುದು ಲೋಕದ ಸಾಮಾನ್ಯ ನಂಬಿಕೆ. ಘನವಸ್ತುಗಳ ಮಟ್ಟಿಗೆ ಈ ನಂಬಿಕೆಯನ್ನು ಅಲುಗಿಸಿದುದು ಒಂದು ಗಾಜಿನ ಎಳೆ. ಇಂಗ್ಲೆಂಡಿನ ಫಾರ್ನ್‌ಬರೋದ ವಿಮಾನ ಸಂಶೋಧನ ಸಂಸ್ಥೆಯಲ್ಲಿದ್ದ ಎಂಜಿನಿಯರ್ ಎ. ಎ. ಗ್ರಿಫಿತ್ ಅವರು 1921ರಲ್ಲಿ ತಮ್ಮ ಪ್ರಬಂಧವನ್ನು ಪ್ರಕಟಿಸಿದರು. ಸುಮಾರು 1 ಮಿಲಿಮೀಟರ್ ದಪ್ಪದ ಗಾಜಿನ ಕಡ್ಡಿಯೊಡನೆ ಹೋಲಿಸಿದಾಗ, ಅದರ ಮುನ್ನೂರರಲ್ಲೊಂದು ಪಾಲು ದಪ್ಪದ ಎಳೆಯು, ಸಮಾನ ವಿಸ್ತೀರ್ಣದ ಲೆಕ್ಕದಲ್ಲಿ, 20 ಪಟ್ಟು ಸೆಳೆತವನ್ನು ತಾಳಿಕೊಂಡಿತ್ತು.

ಪರಮಾಣುಗಳ ಬಂಧವನ್ನು ಲೆಕ್ಕ ಹಾಕಿದರೆ ಗಾಜು ಇನ್ನೂ ಬಲಿಷ್ಠವಾಗಿರಬೇಕಿತ್ತು. ಅದನ್ನು ಕುಗ್ಗಿಸುವುದು ಸೂಕ್ಷ್ಮವಾದ ಬಿರುಕು. ಸೆಳೆತವೆಲ್ಲ ಬಿರುಕಿನ ತುದಿಯಲ್ಲಿ ಒಟ್ಟಾಗುತ್ತದೆ; ಬಿರುಕು ಬೆಳೆದಾಗ ಬಿಡುಗಡೆಯಾಗುವ ಶಕ್ತಿಯು ಹೊಸ ಮೇಲ್ಮೈಯನ್ನು ಉಂಟುಮಾಡಲು ಸಾಕಾದೊಡನೆ ವಸ್ತು ಒಡೆಯುತ್ತದೆ. ಅಣುಗಳ ಒಂದೇ ಸಾಲಿನಿಂದಾದ ಎಳೆಗೆ ಪೂರ್ಣ ಸೈದ್ಧಾಂತಿಕ ಬಲವಿರಲೇಬೇಕೆಂದೂ ಗ್ರಿಫಿತರು ತರ್ಕಿಸಿದರು. ಅಂದಿಗೆ ಅದು ಬರಿಯ ತರ್ಕ.

ಆ ತರ್ಕಕ್ಕೆ ಆಧಾರವು ಮೆಲ್ಲಮೆಲ್ಲನೆ ಒದಗಿತು. 1952ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯ ಹೆರಿಂಗ್ ಮತ್ತು ಗಾಲ್ಟ್ ಅವರು, ತವರದ ಮೇಲೆ ತಾವಾಗಿ ಬೆಳೆಯುವ ಕೂದಲಿನಂಥ ಸ್ಫಟಿಕಗಳನ್ನು ಬಗ್ಗಿಸಿ ನೋಡಿದರು. ಮೃದುವೆಂದೇ ಹೆಸರಾದ ಆ ಲೋಹದ ಎಳೆಗಳು ಶೇಕಡಾ 1ರಷ್ಟು ವಿಕಾರಗೊಂಡೂ ಮತ್ತೆ ನೆಟ್ಟಗಾದುವು. 1960ರಲ್ಲಿ ರೋಜರ್ ಬೇಕನ್ ಅವರು ಗ್ರ್ಯಾಫೈಟಿನ ಎಳೆಗಳಲ್ಲಿ 20 ಗಿಗಾಪ್ಯಾಸ್ಕಲ್ ಬಲವನ್ನು ಅಳೆದರು.

1991ರಲ್ಲಿ ಜಪಾನಿನ ಸುಮಿಯೊ ಈಜಿಮಾ ಅವರು ಕೆಲವೇ ನ್ಯಾನೊಮೀಟರ್ ವ್ಯಾಸದ ಇಂಗಾಲದ ಕೊಳವೆಗಳ ರಚನೆಯನ್ನು ವಿವರಿಸಿದರು. 2000ದಲ್ಲಿ ಇಂಥ ಕೊಳವೆಗಳನ್ನು ಒಂದೊಂದಾಗಿ ಎಳೆದು ನೋಡಿದಾಗ ಅವುಗಳ ಬಲ 11ರಿಂದ 63 ಗಿಗಾಪ್ಯಾಸ್ಕಲ್‌ಗಳವರೆಗೆ ಹರಡಿತ್ತು. 2004ರಲ್ಲಿ ಮ್ಯಾಂಚೆಸ್ಟರಿನ ಗೈಮ್ ಮತ್ತು ನೊವೊಸೆಲೊವ್ ಅವರು ಅಂಟುಪಟ್ಟಿಯಿಂದ ಗ್ರ್ಯಾಫೈಟಿನ ಪದರಗಳನ್ನು ಸುಲಿದು, ಒಂದೇ ಪರಮಾಣುವಿನಷ್ಟು ದಪ್ಪದ ಗ್ರ್ಯಾಫೀನನ್ನು ಬೇರ್ಪಡಿಸಿ ತೋರಿಸಿದರು. 2008ರಲ್ಲಿ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಆ ಹಾಳೆಯನ್ನು ಪುಟ್ಟ ಕುಳಿಗಳ ಮೇಲೆ ಹಾಸಿ, ವಜ್ರದ ಮೊನೆಯಿಂದ ಒತ್ತಿದರು. ಹಾಳೆಯ ದಪ್ಪವನ್ನು 0.335 ನ್ಯಾನೊಮೀಟರ್ ಎಂದು ಹಿಡಿದರೆ, ಅದರ ಬಲ 130 ಗಿಗಾಪ್ಯಾಸ್ಕಲ್. ಸ್ಥಿತಿಸ್ಥಾಪಕ ಗುಣಾಂಕ ಉಕ್ಕಿನದರ ಐದು ಪಟ್ಟು. ಗ್ರಿಫಿತರ ತರ್ಕವು ಎಳೆಯಲ್ಲಿ ಅಲ್ಲದಿದ್ದರೂ ಹಾಳೆಯಲ್ಲಿ ಫಲಿಸಿತ್ತು.

ಇದರಿಂದ ಕೃಶತೆಯೇ ಬಲವೆಂದು ತಿಳಿಯುವುದು ಅವಸರದ ಮಾತು. 2014ರಲ್ಲಿ ರೈಸ್ ವಿಶ್ವವಿದ್ಯಾಲಯದ ಮತ್ತು ಜಾರ್ಜಿಯ ತಾಂತ್ರಿಕ ಸಂಸ್ಥೆಯ ಸಂಶೋಧಕರು ಗ್ರ್ಯಾಫೀನಿನಲ್ಲಿ ಮೊದಲೇ ಒಂದು ಸೀಳನ್ನು ಕೊರೆದು, ಬಳಿಕ ಅದನ್ನು ಎಳೆದರು. ಹಾಳೆಯು ಗಾಜಿನಂತೆಯೇ ಥಟ್ಟನೆ ಹರಿಯಿತು. ಹರಿಯಲು ಬೇಕಾದ ಸೆಳೆತವು ಗ್ರಿಫಿತರ ಸೂತ್ರಕ್ಕೆ ಹೊಂದಿಕೊಂಡಿತು. ಒಂದೇ ವಸ್ತು, ದೋಷವಿಲ್ಲದಾಗ ಅಸಾಧಾರಣ ಬಲಶಾಲಿ. ದೋಷ ಹೊಕ್ಕಾಗ ಭಿದುರ. ಬಲವಿದ್ದುದು ಕೃಶತೆಯಲ್ಲಲ್ಲ, ನಿರ್ದೋಷತೆಯಲ್ಲಿ. ಕೃಶವಾದುದರಲ್ಲಿ ದೋಷಕ್ಕೆ ಎಡೆ ಕಡಿಮೆ, ಅಷ್ಟೆ. ಚಿಕ್ಕ ತುಣುಕಿನಲ್ಲಿ ಅಳೆದ ಬಲವನ್ನು ದೊಡ್ಡ ಹಾಳೆಯಿಂದಲೂ ನಿರೀಕ್ಷಿಸುವವರು ಮರೆಯಬಾರದ ಮಾತು ಇದೇ.